2 ಟಿಬಿ ಅಂತ ತೋರಿಸಿದ ಮಾತ್ರಕ್ಕೆ ಆ ಡ್ರೈವ್ ನಂಬಬೇಡಿ

ಲ್ಯಾಪ್‌ಟಾಪ್‌ನಲ್ಲಿ ವಿಡಿಯೋ ಎಡಿಟ್ ಮಾಡುವವರು, ಅದರಲ್ಲೂ ಕಡಿಮೆ ಬೆಲೆಯ ಎಕ್ಸ್‌ಟರ್ನಲ್ ಎಸ್‌ಎಸ್‌ಡಿ (ಹೊರಗಿನಿಂದ ಕೇಬಲ್‌ನಲ್ಲಿ ಜೋಡಿಸುವ ವೇಗದ ಸ್ಟೋರೇಜ್ ಡ್ರೈವ್) ಹುಡುಕುತ್ತಿರುವವರು ದಯವಿಟ್ಟು ಇದನ್ನು ಓದಿ. ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ ನಾವು ತೆಗೆದ ಫುಟೇಜ್‌ನ ಮುಕ್ಕಾಲು ಭಾಗ ಹೋಗಿದೆ. ಡ್ರೈವ್ ಕೆಟ್ಟು ಹೋಗಿದ್ದಲ್ಲ. ಅದು ಮೊದಲ ದಿನದಿಂದಲೂ ಸುಳ್ಳು ಲೆಕ್ಕ ತೋರಿಸುತ್ತಿತ್ತು.

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆ ಎಸ್.ಪಿ. ರಸ್ತೆಯ ಒಂದು ಅಂಗಡಿಯಲ್ಲಿ ತಗೊಂಡಿದ್ದು. 2 ಟಿಬಿ ಎಸ್‌ಎಸ್‌ಡಿ, ಹೆಸರಾಂತ ಕಂಪನಿಗಳ ಬೆಲೆಯ ಅರ್ಧಕ್ಕೂ ಕಡಿಮೆ. ಹಳೇ ಸ್ಟಾಕ್, ಅದಕ್ಕೇ ಈ ರೇಟು ಅಂದರು. ಅಲ್ಯೂಮಿನಿಯಂ ಕವಚ, ಕೈಯಲ್ಲಿ ಹಿಡಿದರೆ ಒಳ್ಳೆ ತೂಕ. ಮೊದಲು ಒಂದು ಗೃಹಪ್ರವೇಶದ ವಿಡಿಯೋ ಅದರಲ್ಲೇ ಎಡಿಟ್ ಮಾಡಿ ಕೊಟ್ಟೆ, ಏನೂ ತೊಂದರೆ ಬರಲಿಲ್ಲ. ಈ ಮೋಸದ ಜಾಣತನ ಇರುವುದೇ ಅಲ್ಲಿ. ಒಳಗೆ ನಿಜವಾಗಿ ಎಷ್ಟು ಜಾಗ ಇದೆಯೋ ಅಷ್ಟು ತುಂಬುವವರೆಗೆ ಎಲ್ಲವೂ ಸರಿಯಾಗೇ ನಡೆಯುತ್ತದೆ.

ಪರಿಷೆಯ ಫುಟೇಜ್ ಕಾಪಿ ಆಯಿತು, ಎರರ್ ಏನೂ ಬರಲಿಲ್ಲ. ಕ್ಯಾಮೆರಾದ ಕಾರ್ಡ್‌ಗಳು ಎಂದಿನಂತೆ ಮುಂದಿನ ಮದುವೆ ಶೂಟಿಂಗ್‌ಗೆ ಹೋದವು. ಎಡಿಟ್‌ಗೆ ಕೂತಾಗ ಶುರುವಾಯಿತು ಗೋಳು. ಟೈಮ್‌ಲೈನ್ ಎಳೆದರೆ ತಡವರಿಸುತ್ತದೆ. ನೋಡನೋಡುತ್ತಲೇ ಕ್ಲಿಪ್‌ಗಳು ಕೆಂಪಾಗಿ 'ಮೀಡಿಯಾ ಆಫ್‌ಲೈನ್' ಅನ್ನುತ್ತವೆ. ಟಡಂಗ್ ಅಂತ ಸದ್ದು ಮಾಡಿ ಡ್ರೈವ್ ಮಾಯ, ಮತ್ತೆ ತಾನಾಗೇ ಪ್ರತ್ಯಕ್ಷ.

ಇಂಥ ಲಕ್ಷಣ ಕಂಡರೆ ಯಾರಾದರೂ ಮೊದಲು ಕೇಬಲ್ ಬದಲಾಯಿಸುತ್ತಾರೆ. ಅದು ಸರಿಯೇ. ಫೋನ್ ಚಾರ್ಜರ್ ಜೊತೆ ಬರುವ ಟೈಪ್-ಸಿ ಕೇಬಲ್‌ಗಳಲ್ಲಿ ಹೆಚ್ಚಿನವು ಯುಎಸ್‌ಬಿ 2.0 ವೇಗದವು. ಅದರಲ್ಲಿ ಸೆಕೆಂಡಿಗೆ 30ರಿಂದ 40 ಎಂಬಿ ಸಿಕ್ಕರೆ ಹೆಚ್ಚು. 100 ಮೆಗಾಬಿಟ್‌ನ 4ಕೆ ಕ್ಲಿಪ್ ಒಂದಕ್ಕೇ 12.5 ಎಂಬಿ ಬೇಕು, ಮೂರು ಕ್ಯಾಮೆರಾ ಒಟ್ಟಿಗೆ ಓಡಿಸಿದರೆ ಮುಗಿಯಿತು. ಹಬ್ ತೆಗೆದು ನೇರ ಲ್ಯಾಪ್‌ಟಾಪ್‌ಗೆ ಚುಚ್ಚಿದೆ. ವಿಂಡೋಸ್‌ನ ಪವರ್ ಆಯ್ಕೆಗಳಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ (ವಿದ್ಯುತ್ ಉಳಿಸಲು ಯುಎಸ್‌ಬಿ ಸಾಧನವನ್ನು ಮಲಗಿಸುವ ಸೌಲಭ್ಯ) ಆಫ್ ಮಾಡಿದೆ. ಎಡಿಟಿಂಗ್ ಸಾಫ್ಟ್‌ವೇರ್‌ನ ಕ್ಯಾಶ್, ಅಂದರೆ ತಾತ್ಕಾಲಿಕ ಫೈಲ್‌ಗಳನ್ನು, ಲ್ಯಾಪ್‌ಟಾಪ್ ಒಳಗಿನ ಡಿಸ್ಕ್‌ಗೆ ಹಾಕಿದೆ. ನಿಜವಾದ ಡ್ರೈವ್ ಆಗಿದ್ದರೆ ಬಹಳ ಸಲ ಇಷ್ಟರಲ್ಲೇ ರೋಗ ವಾಸಿಯಾಗುತ್ತದೆ. ಇಲ್ಲಿ ಆಗಲಿಲ್ಲ.

ಸಂಶಯ ಬಂದಿದ್ದು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತೆರೆದಾಗ. ಡಿಸ್ಕ್‌ನ ಆರೋಗ್ಯ ತೋರಿಸುವ ಉಚಿತ ಸಾಫ್ಟ್‌ವೇರ್ ಅದು. ಲ್ಯಾಪ್‌ಟಾಪ್ ಡಿಸ್ಕ್ ಕಾಣಿಸಿತು, ಈ ಡ್ರೈವ್ ಪಟ್ಟಿಯಲ್ಲೇ ಇಲ್ಲ! ಕೆಲವು ಕವಚಗಳಲ್ಲಿ ಒಳ್ಳೆಯ ಡ್ರೈವ್ ಕೂಡ ಹೀಗೆ ಕಾಣದೇ ಇರಬಹುದು, ಹಾಗಾಗಿ ಇದೊಂದನ್ನೇ ನಂಬುವಂತಿಲ್ಲ. ಆದರೆ ಇನ್ನೊಂದು ಸುಳಿವೂ ಇತ್ತು. ಕಂಪನಿಗಳು ಸಾವಿರದ ಲೆಕ್ಕದಲ್ಲಿ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುವುದರಿಂದ ಅಸಲಿ 2 ಟಿಬಿ ಡ್ರೈವ್ ವಿಂಡೋಸ್‌ನಲ್ಲಿ ಸುಮಾರು 1.81 ಟಿಬಿ ಅಂತ ತೋರಿಸಬೇಕು. ಇದು ಭರ್ತಿ 2.00 ತೋರಿಸುತ್ತಿತ್ತು. ಸುಳ್ಳು ಬರೆದವನಿಗೂ ಲೆಕ್ಕ ಬರುತ್ತಿರಲಿಲ್ಲ ಅನ್ನಿಸುತ್ತದೆ.

ತೆರೆಯುತ್ತಿದ್ದ ಫೈಲ್‌ಗಳನ್ನೆಲ್ಲ ಬೇರೆ ಕಡೆ ಕಾಪಿ ಮಾಡಿಕೊಂಡು ಎಚ್2ಟೆಸ್ಟ್‌ಡಬ್ಲ್ಯೂ ಓಡಿಸಿದೆ. ಇದು ಡ್ರೈವ್ ತುಂಬಾ ದತ್ತಾಂಶ ಬರೆದು, ಮತ್ತೆ ಓದಿ, ಎರಡೂ ಒಂದೇನಾ ಅಂತ ಹೋಲಿಸುತ್ತದೆ. ಮ್ಯಾಕ್ ಮತ್ತು ಲಿನಕ್ಸ್‌ನವರಿಗೆ ಎಫ್3 ಅಂತ ಇದೆ. ಕಾಪಿ ಮಾಡಿಕೊಳ್ಳದೆ ಮಾತ್ರ ಯಾವ ಟೆಸ್ಟನ್ನೂ ಓಡಿಸಬೇಡಿ. ನಕಲಿ ಡ್ರೈವ್‌ನಲ್ಲಿ ಖಾಲಿ ಅಂತ ಕಾಣುವ ಜಾಗಕ್ಕೆ ಬರೆದದ್ದು, ಉಳಿದಿರುವ ಒಳ್ಳೆಯ ಫೈಲ್ ಮೇಲೇ ಹೋಗಿ ಕೂರಬಹುದು. ಡಿಸ್ಕ್‌ನ ದೋಷ ಸರಿಪಡಿಸುವ ವಿಂಡೋಸ್‌ನ ಚೆಕ್ ಡಿಸ್ಕ್ ಓಡಿಸುವುದೂ ಬೇಡ.

ಫಲಿತಾಂಶ: ಸುಮಾರು 119 ಜಿಬಿ ಸರಿ, ಉಳಿದದ್ದೆಲ್ಲ ನಷ್ಟ. ಅಂದರೆ, ಅದೇ 1024ರ ಲೆಕ್ಕದಲ್ಲಿ, ಒಳಗಿದ್ದದ್ದು 128 ಜಿಬಿಯ ಮೆಮೊರಿ. 2 ಟಿಬಿ ಇದೆ ಅಂತ ಹೇಳುವ ಹಾಗೆ ಅದರ ಕಂಟ್ರೋಲರ್‌ನ (ಮೆಮೊರಿಯನ್ನು ನಿಭಾಯಿಸುವ ಚಿಪ್‌ನ) ಒಳಗಿನ ಸಾಫ್ಟ್‌ವೇರ್ ಆದ ಫರ್ಮ್‌ವೇರ್ ತಿದ್ದಿದ್ದಾರೆ. ಸೇರು ತುಂಬಿ ಕಡಲೆಕಾಯಿ ಕೆಳಗೆ ಚೆಲ್ಲುತ್ತಿದ್ದರೂ ಅಳೆಯುವವ ಲಾಭ, ಎರಡು, ಮೂರು ಅಂತ ಎಣಿಸುತ್ತಲೇ ಹೋದ ಹಾಗೆ. ಫೋಲ್ಡರ್‌ನಲ್ಲಿ ಹೆಸರು ಇದೆ, ಸೈಜ್ ಇದೆ, ತಾರೀಕೂ ಇದೆ. ಒಳಗೆ ಏನೂ ಇಲ್ಲ. ಮಾಗಡಿ ಕಡೆಯ ಒಬ್ಬ ಅಜ್ಜಿ ರಾಶಿ ಮುಂದೆ ಕೂತು ಮಾತಾಡಿದ ಕ್ಲಿಪ್‌ನ ಸೈಜ್ 4 ಜಿಬಿ ಅಂತಲೇ ತೋರಿಸುತ್ತದೆ. ಡಬಲ್ ಕ್ಲಿಕ್ ಮಾಡಿದರೆ ತೆರೆಯುವುದೇ ಇಲ್ಲ. ಕ್ಯಾಮೆರಾದ ಎಂಪಿ4 ಫೈಲ್‌ಗಳಲ್ಲಿ, ಯಾವ ದೃಶ್ಯ ಎಲ್ಲಿದೆ ಅಂತ ಪ್ಲೇಯರ್‌ಗೆ ಹೇಳುವ ಸೂಚಿ ಸಾಮಾನ್ಯವಾಗಿ ಕೊನೆಯಲ್ಲಿರುತ್ತದೆ. ಹಾಗಾಗಿ ಬಾಲ ಹೋದರೆ ಮೊದಲರ್ಧ ಚೆನ್ನಾಗಿದ್ದರೂ ಪ್ಲೇ ಆಗುವುದಿಲ್ಲ. ಪರಿಷೆ ಕಾರ್ತಿಕದ ಕೊನೆಯ ಸೋಮವಾರಕ್ಕೆ, ವರ್ಷಕ್ಕೊಂದೇ ಸಲ. ಅಜ್ಜಿಯನ್ನು ಎಲ್ಲಿ ಹುಡುಕೋದು?

ರಿಕವರಿ ಮಾಡ್ತೀವಿ ಅನ್ನುವವರ ಬಲೆಗೂ ಬೀಳಬೇಡಿ. ಅಳಿಸಿಹೋದ ಫೈಲ್ ವಾಪಸ್ ತರಬಹುದು. ಬರೆದೇ ಇಲ್ಲದ್ದನ್ನು ಯಾರೂ ತರಲಾರರು. ರಿಕವರಿ ಸಾಫ್ಟ್‌ವೇರ್ ಫೈಲ್‌ಗಳ ಹೆಸರನ್ನೆಲ್ಲ ಚೆನ್ನಾಗಿ ಪಟ್ಟಿ ಮಾಡುತ್ತದೆ, ಅದನ್ನು ತೋರಿಸಿಯೇ ಸಾವಿರಗಟ್ಟಲೆ ಕೇಳುವವರಿದ್ದಾರೆ. ಒಂದು ಫೈಲ್ ನಿಮ್ಮೆದುರೇ ಪ್ಲೇ ಮಾಡಿ ತೋರಿಸಲಿ, ಆಮೇಲೆ ದುಡ್ಡಿನ ಮಾತು.

ಅಂಗಡಿಗೆ ಹೋದೆ. ಹುಡುಗ ಡ್ರೈವ್ ಚುಚ್ಚಿ ಪ್ರಾಪರ್ಟೀಸ್ ತೆಗೆದು, "ನೋಡಿ ಸಾರ್, ಟೂ ಟಿಬಿ ಫುಲ್ ತೋರಿಸ್ತಿದೆಯಲ್ಲ, ಫಾರ್ಮ್ಯಾಟ್ ಮಾಡ್ಕೊಡ್ಲಾ?" ಅಂದ. ಟೆಸ್ಟ್‌ನ ಫಲಿತಾಂಶ ತೋರಿಸಿದರೆ, "ಅದೆಲ್ಲ ನಮಗೆ ಗೊತ್ತಿಲ್ಲ ಸಾರ್, ಬೇಕಾದ್ರೆ ಇನ್ನೊಂದು ಪೀಸ್ ತಗೊಳ್ಳಿ." ಅದೇ ಡಬ್ಬಿ, ಅದೇ ಮಾಲು! ಮನೆಗೆ ತಂದು ಬಿಚ್ಚಿ ನೋಡಿದೆ. ಬೆರಳ ಉಗುರಿನಷ್ಟು ಮೆಮೊರಿ ಕಾರ್ಡ್, ಅದರ ಪಕ್ಕದಲ್ಲಿ ತೂಕಕ್ಕೆ ಅಂತ ಗಮ್ ಹಾಕಿ ಅಂಟಿಸಿದ ಕಬ್ಬಿಣದ ತುಂಡು.

ಎಸ್.ಪಿ. ರಸ್ತೆಯಲ್ಲಿ ನ್ಯಾಯವಾಗಿ ವ್ಯಾಪಾರ ಮಾಡುವವರು ಬೇಕಾದಷ್ಟು ಜನ ಇದ್ದಾರೆ, ನನ್ನ ಲ್ಯಾಪ್‌ಟಾಪ್‌ನ ರ್‍ಯಾಮ್ ಅಲ್ಲಿಯದೇ. ಆದರೆ ಜಿಎಸ್‌ಟಿ ಬಿಲ್ ಕೇಳಿದ ಕೂಡಲೇ ರೇಟ್ ಜಾಸ್ತಿ ಆಗುತ್ತೆ ಅಂದರೆ ಅಲ್ಲಿಂದ ಎದ್ದು ಬನ್ನಿ. ನನಗೆ ಕೊಟ್ಟದ್ದು ಬರೀ ಎಸ್ಟಿಮೇಟ್ ಚೀಟಿ. ಸದ್ಯ, ದುಡ್ಡು ಯುಪಿಐನಲ್ಲಿ ಹೋಗಿತ್ತು. ಆ ದಾಖಲೆ, ಚೀಟಿಯ ಫೋಟೋ, ಟೆಸ್ಟ್‌ನ ಸ್ಕ್ರೀನ್‌ಶಾಟ್ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. ಕೊಟ್ಟ ಬೆಲೆ 5 ಲಕ್ಷದ ಒಳಗಿದ್ದರೆ ದೂರಿಗೆ ಶುಲ್ಕ ಇಲ್ಲ, ಎರಡು ವರ್ಷದೊಳಗೆ ಹಾಕಬೇಕು. ದೂರಿನ ನಂಬರ್ ಕಳಿಸಿದ ಮೇಲೆ ಅಂಗಡಿಯವರು ಫೋನ್ ಎತ್ತಲು ಶುರು ಮಾಡಿದ್ದಾರೆ. ದುಡ್ಡು ಇನ್ನೂ ಬಂದಿಲ್ಲ.