ಮಾಟುಂಗಾದ ಆಪ್ತಸಮಾಲೋಚಕಿ: ಎಂಟು ಭೇಟಿಗಳ ನಂತರ

ಡೊಂಬಿವಲಿಯಿಂದ ಸ್ಲೋ ಲೋಕಲ್ ಹಿಡಿದು ಮುಂಬಯಿಯ ಮಾಟುಂಗಾಕ್ಕೆ, ಈ ಆಪ್ತಸಮಾಲೋಚಕಿಯ ಹತ್ತಿರ, ಎಂಟು ಸಲ ಹೋಗಿ ಬಂದಿದ್ದೇನೆ. ಹೂವಿನ ಅಂಗಡಿಗಳ ಮೇಲೆ, ಲಿಫ್ಟ್ ಇಲ್ಲದ ಹಳೆಯ ಕಟ್ಟಡದ ಎರಡನೆಯ ಮಹಡಿ. 45 ನಿಮಿಷಕ್ಕೆ 1,200 ರೂಪಾಯಿ. ನಾನು ಕ್ಯಾಂಟೀನ್ ನಡೆಸುವವನು. ಅದು ಎಷ್ಟು ಪ್ಲೇಟ್ ಇಡ್ಲಿಯ ಲಾಭವೆಂದು ಮೊದಲ ದಿನ ಮೆಟ್ಟಿಲಲ್ಲೇ ಲೆಕ್ಕ ಹಾಕಿದ್ದೆ.

ಅಮ್ಮ ತೀರಿಕೊಂಡ ಸುದ್ದಿ ಬಂದದ್ದು ಮಧ್ಯಾಹ್ನ. ವಿಮಾನದ ಟಿಕೆಟ್ ಹುಡುಕಲು ಆಗ ತಲೆಯೇ ಓಡಲಿಲ್ಲ. ಕುರ್ಲಾ ಟರ್ಮಿನಸ್‌ಗೆ ಹೋಗಿ ಮತ್ಸ್ಯಗಂಧದ ಜನರಲ್ ಬೋಗಿಗೆ ನುಗ್ಗಿದೆ. ಬೆಳಿಗ್ಗೆ ಉಡುಪಿಯಲ್ಲಿ ಇಳಿದು ಮನೆ ಮುಟ್ಟುವಾಗ ಎಲ್ಲ ಮುಗಿದಿತ್ತು. ಅಣ್ಣ ಕಾಯಲಿಲ್ಲ. ಆಮೇಲೆ ನಾಲ್ಕು ತಿಂಗಳು ನನಗೆ ನೆಟ್ಟಗೆ ನಿದ್ದೆಯಿಲ್ಲ.

ಮೊದಲು ಬೇರೊಬ್ಬರ ಹತ್ತಿರ ಹೋಗಿದ್ದೆ. ಎ.ಸಿ. ಕೋಣೆ, ಅರ್ಧ ಇಂಗ್ಲಿಷ್, ಅರ್ಧ ಹಿಂದಿ. ಕಾಗದದ ಮೇಲೆ ಒಂದು ವೃತ್ತ ಬರೆದು, ಅಣ್ಣನನ್ನು ಇದರ ಹೊರಗಿಡಿ ಎಂದರು. ಅಣ್ಣನನ್ನು ಹೊರಗಿಟ್ಟರೆ ಮನೆಯ ತುಳಸಿಕಟ್ಟೆ ಯಾವ ಕಡೆಗೆ ಬರುತ್ತದೆ ಎಂದು ಕೇಳಬೇಕೆನಿಸಿತು. ಕೇಳದೆ ಎದ್ದು ಬಂದೆ.

ಮಾಟುಂಗಾದ ಮೇಡಂ ಮೊದಲು ಕೇಳಿದ್ದು ಭಾಷೆ: ಕನ್ನಡವೋ, ತುಳುವೋ, ಮರಾಠಿಯೋ? ತಾನು ಮಾತ್ರೆ ಬರೆಯುವಂತಿಲ್ಲ ಎಂದು ಆಗಲೇ ತಿಳಿಸಿ, ನಿದ್ದೆಯ ವಿಷಯಕ್ಕೆ ಮನೋವೈದ್ಯರನ್ನೂ ಕಾಣಲು ಹೇಳಿದರು. ಎರಡನೆಯ ಭೇಟಿಯಲ್ಲಿ ಅಮ್ಮನ ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಬಗ್ಗೆ ಒಂದು ಪ್ರಶ್ನೆ ಬಂತು: “ಬೊಜ್ಜದ ದಿನ ನಿಮ್ಮನ್ನು ಎಲ್ಲಿ ಕೂರಿಸಿದರು?”

ನೆಂಟರ ಪಂಕ್ತಿಯಲ್ಲಿ. ಹದಿನಾಲ್ಕನೆಯ ವಯಸ್ಸಿಗೆ ಫೋರ್ಟಿನ ಹೋಟೆಲೊಂದರಲ್ಲಿ ಟೇಬಲ್ ಒರೆಸುತ್ತ, ರಾತ್ರಿ ಶಾಲೆಯಲ್ಲಿ ತೂಕಡಿಸುತ್ತ ಬೆಳೆದವನು ನಾನು. 38 ವರ್ಷ ಕಂಡವರಿಗೆಲ್ಲ ಬಡಿಸಿದ್ದೇನೆ. ಅಮ್ಮನ ಬೊಜ್ಜದಲ್ಲಿ ಸಾರಿನ ಸೌಟು ಹಿಡಿಯಲು ಹೋದರೆ ಅಣ್ಣನ ಮಗ, “ಚಿಕ್ಕಪ್ಪ, ನೀವು ಕೂತುಕೊಳ್ಳಿ, ಬೊಂಬಾಯಿಯಿಂದ ದಣಿದು ಬಂದಿದ್ದೀರಿ” ಎಂದು ಎಲೆ ಹಾಕಿದ. ಹುಡುಗ ಮರ್ಯಾದೆಯಿಂದಲೇ ಹೇಳಿದ್ದ. ಇದನ್ನು ಹೆಂಡತಿಗೂ ಹೇಳಿರಲಿಲ್ಲ. ಅಲ್ಲಿ ಹೇಳಿದೆ, ಕರವಸ್ತ್ರ ಸಾಲಲಿಲ್ಲ.

ಮೇಡಂ ಬೆಳೆದದ್ದು ಸಾಯನ್‌ನ ಚಾಳಿನಲ್ಲಿ. ತಂದೆ ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದವರು. ಅಜ್ಜಿ ಸತ್ತ ತಂತಿ ಮೂರು ದಿನ ತಡವಾಗಿ ಕೈಸೇರಿದಾಗ, ಆ ರಾತ್ರಿಯ ಪಾಳಿ ಮುಗಿಸಿಯೇ ಮನೆಗೆ ಬಂದರಂತೆ. ಇದನ್ನು ಎರಡು ಮಾತಿನಲ್ಲಿ ಮುಗಿಸಿ, “ಅಪ್ಪನ ಸಂಕಟ ಕಂಡಿದ್ದೇನೆಂದು ನಿಮ್ಮದನ್ನು ಊಹಿಸುವುದಿಲ್ಲ. ನೀವೇ ಹೇಳಬೇಕು” ಎಂದರು. ಎಂಟು ಭೇಟಿಗಳಲ್ಲಿ ನನಗೆ ಹೆಚ್ಚು ಹಿಡಿಸಿದ ಮಾತು ಅದು.

ತಕರಾರು ಇಲ್ಲದಿಲ್ಲ. ನಾಲ್ಕನೆಯ ಭೇಟಿಯಲ್ಲಿ ತಂದೆಯ ಕಥೆ ಮತ್ತೆ ಬಂದು ಹತ್ತು ನಿಮಿಷ ನಡೆಯಿತು. ನಾನು ಗಡಿಯಾರ ನೋಡಿದೆ. ಅವರೂ ನೋಡಿದರು, ಕ್ಷಮೆ ಕೇಳಿ ಕೊನೆಯಲ್ಲಿ ಅಷ್ಟೇ ಹೊತ್ತು ಹೆಚ್ಚು ಕೊಟ್ಟರು. ಇನ್ನೊಂದು, ಒಬ್ಬರ ಸಮಯಕ್ಕೂ ಮುಂದಿನವರ ಸಮಯಕ್ಕೂ ನಡುವೆ ಬಿಡುವಿಲ್ಲ. ನಮ್ಮವರು ಈ ಊರಿನಲ್ಲಿ ಒಬ್ಬರಿಗೊಬ್ಬರು ಗೊತ್ತಿರುವವರೇ. ಒಂದು ದಿನ ಬಾಗಿಲಲ್ಲಿ ಪರಿಚಯದ ಹೋಟೆಲ್ ಕ್ಯಾಷಿಯರ್ ಎದುರಾದರು. ಇಬ್ಬರೂ ಬಹಳ ಹೊತ್ತು ಚಪ್ಪಲಿ ಹುಡುಕಿದೆವು.

ಇಷ್ಟು ಹಣ ಕಷ್ಟವೆನ್ನುವವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416. 2022ರಲ್ಲಿ ಶುರುವಾದದ್ದು, ಉಚಿತ, ಕನ್ನಡದಲ್ಲೂ ಮಾತನಾಡಬಹುದು.

ಇಲ್ಲಿಗೇ ಹೋಗುವವರು ಭಾನುವಾರದ ಸಮಯ ಕೇಳಬೇಡಿ. ಹಳಿ ದುರಸ್ತಿಗೆಂದು ರೈಲು ತಡೆಯುವ ಮಾಟುಂಗಾ–ಮುಲುಂಡ್ ಮೆಗಾಬ್ಲಾಕ್‌ನಲ್ಲಿ ಸಿಕ್ಕಿ ನಾನು ಇಪ್ಪತ್ತು ನಿಮಿಷ ತಡವಾಗಿ ತಲುಪಿದ್ದೆ. ಶುಲ್ಕ ಪೂರ್ತಿ ತೆಗೆದುಕೊಂಡರು.