ಬಳ್ಳಾರಿಯ ಈ ಮನೋವೈದ್ಯರ ಕ್ಲಿನಿಕ್‌ಗೆ 4 ಸ್ಟಾರ್, ಅದ್ರಾಗೆ ಒಂದು ಸ್ಟಾರ್ ಸ್ಕ್ಯಾನ್ ಬೇಕಿರ್ಲಿಲ್ಲ ಅಂತ ಬಿಡಿಸಿ ಹೇಳಿದ್ದಕ್ಕೇ

ನಮ್ಮ ತಮ್ಮ ಜೀನ್ಸ್ ಹೊಲಿಯೋ ಯೂನಿಟ್‌ನಾಗೆ ಕಟಿಂಗ್ ಮಾಸ್ಟರ್. ಹೋದ ದೀಪಾವಳಿ ಆದ್ಮೇಲೆ ಕೆಲಸಕ್ಕೆ ಹೋಗೋದೇ ಬಿಟ್ಟ, ಬೆಳಗಿನ ಜಾವ 3 ಗಂಟೆಗೆ ಎದ್ದು ಗೋಡೆಗೆ ಒರಗಿ ಕೂತಿರ್ತಿದ್ದ, ಊಟಕ್ಕೆ ಕೂರ್ಸಿದ್ರೆ ಎರಡು ತುತ್ತು ತಿಂದು ತಟ್ಟೆ ಸರಿಸಿಬಿಡ್ತಿದ್ದ. ಅಮ್ಮ ದೃಷ್ಟಿ ತೆಗೆದ್ಲು, ಹರಕೆ ಹೊತ್ಲು. ನಮ್ಮ ಮಾವ ಮೊಬೈಲ್‌ನಾಗೆ ಯಾವ್ದೋ ವಿಡಿಯೋ ನೋಡಿ, ಡಿಪ್ರೆಶನ್ ಆದ್ರೆ ಮೆದುಳಿಗೆ ರಕ್ತ ಹೋಗೋದು ಕಡಿಮೆ ಆಗುತ್ತಂತೆ ಮೊದ್ಲು ಸ್ಕ್ಯಾನ್ ಮಾಡ್ಸಿ ಅಂದ್ರು, ನಾವೂ ಒಂದ್ಕಡೆ ಏಳು ಸಾವಿರ ಕೊಟ್ಟು ಎಂಆರ್‌ಐ ಮಾಡಿಸಿದ್ವಿ. ನಾರ್ಮಲ್ ಅಂತ ಬಂತು. ಅದ್ರಿಂದ ಇನ್ನೂ ಕಷ್ಟ ಆತು, ಮನೇಲಿ ಎಲ್ರೂ "ಏನೂ ಇಲ್ವಂತಲ್ಲೋ, ಎದ್ದು ಕೆಲಸಕ್ಕೆ ಹೋಗು" ಅನ್ನಾಕೆ ಶುರು ಮಾಡಿದ್ರು. ಅವನ ಮುಖ ನೋಡಕ್ಕಾಗ್ತಿರ್ಲಿಲ್ಲ.

ಆಮೇಲೆ ಇಲ್ಲಿಗೆ ಬಂದ್ವಿ. ಮೇಡಮ್ ನಮ್ಮನ್ನ ಹೊರಗೆ ಕೂರ್ಸಿ ಅವನೊಬ್ಬನ ಹತ್ರ ಅರ್ಧ ಗಂಟೆ ಮಾತಾಡಿದ್ರು, ಒಂದು ಥೈರಾಯ್ಡ್ ಟೆಸ್ಟ್ ಬರೆದ್ರು, ಸ್ಕ್ಯಾನ್ ಫೈಲು ನೋಡಿ ಪಕ್ಕಕ್ಕಿಟ್ರು. ಹಂಗಾದ್ರೆ ರಕ್ತದ ವಿಷಯ ಸುಳ್ಳಾ ಮೇಡಮ್ ಅಂತ ಕೇಳ್ದೆ.

"ಸುಳ್ಳಲ್ರಿ" ಅಂದ್ರು. ಮೆದುಳು ಮೈ ತೂಕದಾಗೆ ಬರೀ 2% ಇದ್ರೂ ಸುಮಾರು 20% ಆಕ್ಸಿಜನ್ ಅದಕ್ಕೇ ಬೇಕಂತೆ, ಸಿರುಗುಪ್ಪ ಕಡೆ ನಾಟಿ ನಡೆಯೋ ಗದ್ದೆಗೆ ಕಾಲುವೆ ನೀರು ಜಾಸ್ತಿ ತಿರುಗಿಸ್ತಾರಲ್ಲ ಹಂಗೆ ಯಾವ ಭಾಗದಾಗೆ ಕೆಲಸ ಜಾಸ್ತಿನೋ ಅಲ್ಲಿಗೆ ರಕ್ತ ಜಾಸ್ತಿ ಹೋಗುತ್ತೆ. ಡಿಪ್ರೆಶನ್‌ನಾಗೆ ಈ ಹಂಚಿಕೆ ಬದಲಾಗುತ್ತೆ, ಯೋಚನೆ ಮಾಡಿ ತೀರ್ಮಾನ ತಗೊಳ್ಳೋ ಮುಂಭಾಗ ಎಷ್ಟೋ ಜನರಲ್ಲಿ ಮಂಕಾಗಿರುತ್ತೆ, ದುಃಖ ಬಂದಾಗ ಎಚ್ಚರಾಗೋ ಒಳಗಿನ ಒಂದು ಭಾಗ ಚುರುಕಾಗಿರುತ್ತೆ. ಹೆಲೆನ್ ಮೇಬರ್ಗ್ ಅನ್ನೋ ಡಾಕ್ಟ್ರು ತಂಡ 1999ರಲ್ಲಿ ಪೆಟ್ ಸ್ಕ್ಯಾನ್‌ನಾಗೆ (ಮೆದುಳಿನ ಯಾವ ಭಾಗ ಎಷ್ಟು ಕೆಲಸ ಮಾಡ್ತೈತೆ ಅಂತ ತೋರ್ಸೋ ಸ್ಕ್ಯಾನ್) ಇದನ್ನ ತೋರ್ಸಿದ್ರಂತೆ, ಆರೋಗ್ಯವಾಗಿರೋರು ದುಃಖದ ನೆನಪು ತಂದ್ಕೊಂಡಾಗ ಒಳಗಿನ ಭಾಗ ಏರಿ ಮುಂಭಾಗ ಇಳೀತು, ಡಿಪ್ರೆಶನ್‌ನಿಂದ ಹುಷಾರಾದೋರಲ್ಲಿ ಸರಿಯಾಗಿ ಉಲ್ಟಾ. ಆದ್ರೆ ಇದು ಬಹಳ ಜನರ ಸ್ಕ್ಯಾನ್ ಸೇರ್ಸಿ ಸರಾಸರಿ ತೆಗೆದಾಗ ಕಾಣೋದು, ಒಬ್ಬರ ಸ್ಕ್ಯಾನ್ ನೋಡಿ ಡಿಪ್ರೆಶನ್ ಐತೋ ಇಲ್ವೋ ಹೇಳಕ್ಕಾಗಲ್ಲ, ನಾವು ಮಾಡ್ಸಿದ ಎಂಆರ್‌ಐ ಮೆದುಳಿನ ಆಕಾರ ತೋರ್ಸುತ್ತೆ ಅಷ್ಟೇ. ಗೆಡ್ಡೆ ಗಿಡ್ಡೆ ಡೌಟ್ ಇದ್ದಾಗ ಬೇಕಾಗುತ್ತೆ, ಇವನಿಗೆ ಬೇಕಿರ್ಲಿಲ್ಲ ಅಂದ್ರು. ಇದೆಲ್ಲಾ ಅವನ ಮುಂದೇನೇ ಹೇಳಿದ್ದು. ಮೊದಲ್ನೇ ಸಲ ಅವನು ತಲೆ ಎತ್ತಿ "ಅಂದ್ರೆ ನಂದು ಸೋಂಬೇರಿತನ ಅಲ್ವಾ ಮೇಡಮ್" ಅಂತ ಕೇಳ್ದ. ನಂಗೆ ಅಳು ಬಂತು.

ಮಾತ್ರೆ ಕೆಲಸ ಶುರು ಆಗಾಕೆ 2ರಿಂದ 4 ವಾರ ಬೇಕು ಅಂತ ಮೊದ್ಲೇ ಹೇಳಿದ್ರು, ಅದು ಹೇಳಿರ್ಲಿಲ್ಲ ಅಂದ್ರೆ ಹತ್ತನೇ ದಿನಕ್ಕೇ ಬಿಟ್ಟುಬಿಡ್ತಿದ್ದ, ಹೊಟ್ಟೆ ತೊಳಸ್ತಿತ್ತು. ಮೂರನೇ ವಾರ ನಿದ್ದೆ ಬಂತು, ಒಂದೂವರೆ ತಿಂಗಳಿಗೆ ಒಗ್ಗರಣೆ ಮಿರ್ಚಿ ತಿನ್ನೋಣ ನಡಿ ಅಣ್ಣ ಅಂತ ಅವನೇ ಕರೆದ. ಹುಷಾರಾದ್ಮೇಲೂ ಕನಿಷ್ಠ 6 ತಿಂಗಳು ಮಾತ್ರೆ ಬಿಡಂಗಿಲ್ಲ, ಬಿಡೋದಾದ್ರೂ ಅವರನ್ನ ಕೇಳಿ ನಿಧಾನ ಇಳಿಸ್ಬೇಕು.

ಕ್ಲಿನಿಕ್‌ನಾಗೆ ಸುಮಾರು ಜನ ಮುಖಕ್ಕೆ ಟವೆಲ್ ಸುತ್ಕೊಂಡು ಕೂತಿರ್ತಾರೆ, ಬೇಜಾರಾಗುತ್ತೆ. ದೇಶದಾಗೆಲ್ಲಾ ಇರೋ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ ಆಗಿದ್ದೇ ನಮ್ಮ ಬಳ್ಳಾರಿ ಜಿಲ್ಲೆ, 1985ರಲ್ಲಿ ನಿಮ್ಹಾನ್ಸ್‌ನೋರು ಇಲ್ಲೇ ಶುರು ಮಾಡಿದ್ದು, ಅಂಥಾ ಊರಾಗೆ ನಾವು ಮುಖ ಮುಚ್ಕೋಬಾರ್ದು ರೀ.

ಒಂದು ಸ್ಟಾರ್ ಕಟ್ ಮಾಡಿದ್ದು ವೇಟಿಂಗ್‌ಗೆ. ಟೋಕನ್ ತಗೊಂಡ್ರೂ ಎರಡೂವರೆ ಗಂಟೆ ಆಗುತ್ತೆ, ಎಂಟೇ ಕುರ್ಚಿ, ಲಿಫ್ಟ್ ಇಲ್ಲ. ಸೋಮವಾರ ಬಿಟ್ಟು ಬನ್ನಿ, ಹಳೇ ಚೀಟಿ ತನ್ನಿ. ರಾತ್ರಿ ಹೊತ್ತು ತಡ್ಕೊಳಾಕೆ ಆಗ್ಲಿಲ್ಲ ಅಂದ್ರೆ ಬೆಳಗಾಗ್ಲಿ ಅಂತ ಕಾಯ್ಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಫ್ರೀ ಐತೆ, ಕನ್ನಡದಾಗೇ ಮಾತಾಡ್ತಾರೆ.