ಕಗಪ ಕೀಲಿಮಣೆ: ವರ್ಷಗಟ್ಟಲೆ ಟೈಪ್ ಮಾಡಿದ ಮೇಲೆ

ಕರಡು ತಿದ್ದುವುದು ನನ್ನ ಹೊಟ್ಟೆಪಾಡು. ಉಬುಂಟು ಲಿನಕ್ಸ್‌ನಲ್ಲಿ ಐಬಸ್ ಎಂಬ ಟೈಪಿಂಗ್ ತಂತ್ರಾಂಶದ ಮೂಲಕ ಕಗಪ (ಕನ್ನಡ ಗಣಕ ಪರಿಷತ್ತು) ವಿನ್ಯಾಸ ಹಾಕಿಕೊಂಡು ದಿನವಿಡೀ ಕನ್ನಡ ಕುಟ್ಟುತ್ತೇನೆ. ಕೆ.ಪಿ. ರಾವ್ ರೂಪಿಸಿದ, 'ನುಡಿ' ತಂತ್ರಾಂಶದಿಂದ ಕಚೇರಿ ಕಚೇರಿಗೂ ತಲುಪಿದ ವಿನ್ಯಾಸ ಇದೇ. ಸಾದಾ ಬರಹಕ್ಕೆ ಇದನ್ನು ಮೀರಿಸಿದ್ದು ನನಗೆ ಸಿಕ್ಕಿಲ್ಲ. 'ಕನ್ನಡ' ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯು, ಅಷ್ಟೇ. ಎಫ್ ಒತ್ತಿದರೆ ಹಿಂದಿನ ವ್ಯಂಜನ ಅರ್ಧವಾಗುತ್ತದೆ, ಮುಂದೆ ಬಂದದ್ದು ಅದಕ್ಕೆ ಒತ್ತಾಗಿ ಕೂರುತ್ತದೆ. ಟ ಹೋಗಿ ಕ್ಯೂನಲ್ಲಿ, ಷ ಹೋಗಿ ಎಕ್ಸ್‌ನಲ್ಲಿ ಯಾಕೆ ಕೂತಿವೆ ಎಂದು ಮೊದಮೊದಲು ಗೊಣಗುತ್ತೀರಿ. ಆಮೇಲೆ ಬೆರಳೇ ನೋಡಿಕೊಳ್ಳುತ್ತದೆ.

ತಕರಾರು ಇರುವುದು ಕಣ್ಣಿಗೆ ಕಾಣದ ಅಕ್ಷರಗಳಲ್ಲಿ. 'ಸಾಫ್ಟ್‌ವೇರ್' ಎಂದು ಹೊಡೆಯಲು ಹೋದರೆ ಎಫ್ ತನ್ನ ಕೆಲಸ ತಾನು ಮಾಡಿ, ವಕಾರವನ್ನು ಕೆಳಕ್ಕೆ ತಳ್ಳಿ 'ಸಾಫ್ಟ್ವೇರ್' ಮಾಡಿಡುತ್ತದೆ. ಅದನ್ನು ತಡೆಯಲು ನಡುವೆ, ಪ್ರತಿ ಅಕ್ಷರಕ್ಕೂ ಒಂದು ಸಂಕೇತ ಕೊಡುವ ಯೂನಿಕೋಡಿನ 200ಸಿ ಬೇಕು: ಜೀರೋ ವಿಡ್ತ್ ನಾನ್ ಜಾಯಿನರ್, ಅಕ್ಷರಗಳು ಕೂಡದಂತೆ ತಡೆಯುವ ಕಾಣದ ಗುರುತು. 'ರ‍್ಯಾಂಕ್' ಇನ್ನೂ ಹಠಮಾರಿ. ಅರ್ಧ ರಕಾರದ ಮುಂದೆ ವ್ಯಂಜನ ಬಂದರೆ ಯೂನಿಕೋಡಿಗೆ ಅದು ಅರ್ಕಾವತ್ತು. ಯ ಒತ್ತೇ ಬೇಕೆಂದರೆ ರ ಆದ ಕೂಡಲೇ, ಎಫ್‌ಗಿಂತ ಮೊದಲೇ, 200ಡಿ ಎಂಬ ಕೂಡಿಸುವ ಗುರುತು (ಜಾಯಿನರ್) ಹಾಕಬೇಕು. ಎಫ್ ಆದ ಮೇಲೆ ಹಾಕಿದರೆ ಆಗುವುದಿಲ್ಲ.

ಇದೆಲ್ಲ ಅತಿ ಮಡಿ ಎನ್ನುವವರಿಗೆ ಒಂದು ಮಾತು. ಒಮ್ಮೆ ಮುದ್ರಣಾಲಯವೊಂದು ನನ್ನ ಕಡತವನ್ನು ಹಳೆಯ ಫಾಂಟಿಗೆ ಬದಲಾಯಿಸಿ ಪುಟ ಕಟ್ಟಿ ಕಳಿಸಿತು. ಕಾಣದ ಗುರುತುಗಳೆಲ್ಲ ದಾರಿಯಲ್ಲೇ ಉದುರಿಹೋಗಿ, ರಾಜ್‌ಕುಮಾರ್ ಪುಸ್ತಕದ ಉದ್ದಕ್ಕೂ 'ರಾಜ್ಕುಮಾರ್' ಆಗಿದ್ದರು. ಮತ್ತೆ ಮೊದಲಿನಿಂದ ಕರಡು ನೋಡಿದ್ದಕ್ಕೆ ಕೂಲಿ ಕೊಡಲಿಲ್ಲ, ಆ ಮಾತು ಬೇರೆ.

ವರ್ಡ್‌ನಲ್ಲೂ ಲಿಬ್ರೆ ಆಫೀಸ್‌ನಲ್ಲೂ 200ಸಿ ಎಂದು ಇಂಗ್ಲಿಷಿನಲ್ಲಿ ಹೊಡೆದು ಆಲ್ಟ್, ಎಕ್ಸ್ ಒತ್ತಿದರೆ ಅದು ಆ ಗುರುತಾಗಿ ಮಾರ್ಪಡುತ್ತದೆ. ಕನ್ನಡದಲ್ಲಿರುವಾಗ ಸಿ ಒತ್ತಿದರೆ ಬರುವುದು ಚ. ಹಾಗಾಗಿ ಇಂಗ್ಲಿಷಿಗೆ ಹೋಗು, ಹೊಡಿ, ಮರಳಿ ಬಾ. ಪುಟಕ್ಕೆ ಹತ್ತು ಸಲ ಇದನ್ನು ಮಾಡುವವರಿಗೆ ತಾಳ್ಮೆ ದೊಡ್ಡದಿರಬೇಕು. ಆಟೋ ಕರೆಕ್ಟ್‌ಗೆ ಪದ ತುಂಬಿಸಿ ಎಂಬ ಸಲಹೆ ಇಂಗ್ಲಿಷಿಗೆ ಸರಿ. ನಮ್ಮಲ್ಲಿ 'ಸಾಫ್ಟ್‌ವೇರ್' ಒಂದನ್ನು ತುಂಬಿಸಿದರೆ 'ಸಾಫ್ಟ್‌ವೇರ್‌ನಲ್ಲಿ', 'ಸಾಫ್ಟ್‌ವೇರ್‌ಗಳಿಗೂ' ತಪ್ಪಿಸಿಕೊಳ್ಳುತ್ತವೆ. ಅವುಗಳಿಗೆ ರಕಾರದ ಬಳಿಯೂ ಇನ್ನೊಂದು ಗುರುತು ಬೇಕು, ಇಲ್ಲವಾದರೆ ಅಲ್ಲೂ ಅರ್ಕಾವತ್ತು ಹಾಜರು. ವಿಭಕ್ತಿ ಪ್ರತ್ಯಯಗಳನ್ನೆಲ್ಲ ಪಟ್ಟಿ ಮಾಡಿ ತುಂಬಿಸುವವರು ಯಾರು?

ಕಗಪ ನನ್ನ ಪಾಲಿಗೆ ಪೂರ್ತಿ ಒಗ್ಗಿದ್ದು ಅದರ ಕೋಷ್ಟಕವನ್ನೇ ತಿದ್ದಿಕೊಂಡ ಮೇಲೆ. ಐಬಸ್‌ಗೆ ವಿನ್ಯಾಸಗಳನ್ನು ಒದಗಿಸುವ ಲಿನಕ್ಸ್‌ನ ಎಂ17ಎನ್‌ನಲ್ಲಿ ವಿನ್ಯಾಸವೆಂದರೆ ಒಂದು ಪಠ್ಯ ಕಡತ, ಯಾವ ಕೀಲಿಗೆ ಯಾವ ಅಕ್ಷರ ಎಂಬ ಸಾಲುಗಳು, ಅಷ್ಟೇ. ಅದರ ಒಂದು ಪ್ರತಿಯನ್ನು ನಮ್ಮ ಹೋಮ್ ಫೋಲ್ಡರಿನೊಳಗಿನ ಎಂ17ಎನ್ ಜಾಗಕ್ಕೆ ಹಾಕಿಕೊಂಡು, ಬ್ಯಾಕ್‌ಸ್ಲ್ಯಾಶ್ ಒಮ್ಮೆ ಒತ್ತಿದರೆ 200ಸಿ, ಎರಡು ಸಲ ಒತ್ತಿದರೆ 200ಡಿ ಎಂದು ಸಾಲು ಸೇರಿಸಿದೆ. ಐಬಸ್ ಮರುಚಾಲನೆ ಮಾಡಿದರೆ ಮುಗಿಯಿತು.

ಹಳಗನ್ನಡದವರಿಗೆ ಎಚ್ಚರಿಕೆ. ಇಂಗ್ಲಿಷಿನ 26 ಕೀಲಿಗಳಲ್ಲಿ ಶಿಫ್ಟ್ ಸೇರಿ ಸಿಗುವುದು 52 ಜಾಗ. ವರ್ಣಮಾಲೆಯ 49 ಅಕ್ಷರ, ಜೊತೆಗೆ ಎಫ್ ಕೂತ ಮೇಲೆ ಉಳಿಯುವುದು ಬೆರಳೆಣಿಕೆ. 'ತೊಱೆ', 'ಏೞು' ಬರೆಯಬೇಕಾದಾಗ ನಾನು ಸಂಕೇತವನ್ನೇ ನೆಚ್ಚಿಕೊಂಡಿದ್ದೇನೆ: ಱ ಅಕ್ಷರಕ್ಕೆ 0ಸಿಬಿ1, ೞ ಅಕ್ಷರಕ್ಕೆ 0ಸಿಡಿಇ. ಯೂನಿಕೋಡ್ ಪಟ್ಟಿಯಲ್ಲಿ ೞ ಹೆಸರು ಹುಡುಕಲು ಹೋಗಬೇಡಿ, ಅಲ್ಲಿ ಅದಕ್ಕೆ 'ಫ' ಎಂದು ತಪ್ಪು ಹೆಸರು ಬಿದ್ದಿದೆ. ಒಮ್ಮೆ ಇಟ್ಟ ಹೆಸರು ಬದಲಿಸಬಾರದೆಂಬುದು ಅವರ ನಿಯಮ, ಹಾಗಾಗಿ ಪಕ್ಕದಲ್ಲಿ ಇನ್ನೊಂದು ಹೆಸರು ಕೊಟ್ಟು ಕೈ ತೊಳೆದುಕೊಂಡಿದ್ದಾರೆ.

ಕಥೆ, ಪತ್ರ, ಅರ್ಜಿ ಬರೆಯುವವರು ಕಣ್ಣು ಮುಚ್ಚಿ ಕಗಪ ಕಲಿಯಿರಿ. ಇಂಗ್ಲಿಷ್ ಹೆಸರು, ತಾಂತ್ರಿಕ ಪದ ಹೆಚ್ಚಿರುವ ಅನುವಾದಕರು ಮೇಲಿನ ಕೋಷ್ಟಕದ ತಿದ್ದುಪಡಿಯನ್ನು ಮೊದಲ ದಿನವೇ ಮಾಡಿಕೊಳ್ಳಿ. ಒಂದೇ ತೊಂದರೆ, ಬೇರೆಯವರ ಕಂಪ್ಯೂಟರಿನಲ್ಲಿ ಕೂತಾಗ ರಾಜ್ ಮತ್ತು ಕುಮಾರ್ ನಡುವೆ ಓರೆಗೆರೆ ಬಂದು ನಿಲ್ಲುತ್ತದೆ.